ಹನ್ನೊಂದು ದನಿ, ಒಬ್ಬ ಹುಡುಗ: ಬೆಟಗೇರಿಯ ಅಕ್ಕೋರು ಕಾರ್ಟೂನಿಗೆ ದನಿ ಕೊಟ್ಟ ಪ್ರಕರಣ

ನಾಲ್ಕು ನಿಮಿಷದಲ್ಲಿ ಹನ್ನೊಂದು ದನಿ ಮಾಡಿ ತೋರಿಸಿ ಅಕ್ಕೋರು ಸೆರಗಿನಿಂದ ಮುಖ ಒರೆಸಿಕೊಂಡು ಕುಳಿತರು. ಬೆಕ್ಕು, ಕೋತಿ, ತೊದಲುವ ಮಗು, ಕೆಮ್ಮುವ ಮುದುಕ, ಹಳೆಯ ಸಿನಿಮಾ ನಟನೊಬ್ಬ, ಸಂತೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುವ ಹೆಂಗಸು, ಇನ್ನೂ ಏನೇನೋ. ಗಾಜಿನ ಆಚೆ ಕುಳಿತಿದ್ದ ನನ್ನ ಸಹಾಯಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನೂ ನಕ್ಕೆ. "ನೀವು ಈ ಕೆಲಸಕ್ಕೆ ಎಂದೋ ಹೋಗಬೇಕಿತ್ತು" ಎಂದೂ ಹೇಳಿದೆ. ಆ ಹನ್ನೊಂದು ದನಿಗಳಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ ಎಂದು ನಮ್ಮಿಬ್ಬರಿಗೂ ಅರ್ಥವಾಗಲು ಏಳು ತಿಂಗಳು ಹಿಡಿಯಿತು.

ಮೊದಲು ನನ್ನ ವಿಷಯ ಎರಡು ಮಾತಿನಲ್ಲಿ. ಹುಬ್ಬಳ್ಳಿಯ ದಾಜಿಬಾನ ಪೇಟೆಯ ಹಿಂದಿನ ಓಣಿಯಲ್ಲಿ, ಮಾಳಿಗೆಯ ಮೇಲೆ, ನನ್ನದೊಂದು ರೆಕಾರ್ಡಿಂಗ್ ಕೋಣೆ ಇದೆ. ಸ್ಟುಡಿಯೊ ಎಂದು ಕರೆದರೆ ಅದಕ್ಕೇ ನಾಚಿಕೆಯಾದೀತು. ವರ್ಷದಲ್ಲಿ ಎಂಟು ತಿಂಗಳು ಆಟೋದಲ್ಲಿ ಕೂಗಿಸುವ ಪ್ರಕಟಣೆಗಳ ಕೆಲಸ: ಸೀರೆಗಳ ರಿಯಾಯಿತಿ ಮಾರಾಟ, ಜಾತ್ರೆ, ಕಣ್ಣಿನ ಉಚಿತ ತಪಾಸಣೆ. ಉಳಿದಂತೆ ಭಜನೆ, ಚುನಾವಣೆ ಬಂದರೆ ಚುನಾವಣೆ. ಅದಕ್ಕೂ ಮುಂಚೆ ಧಾರವಾಡ ಆಕಾಶವಾಣಿಯಲ್ಲಿ ಹಂಗಾಮಿ ನಾಟಕ ಕಲಾವಿದನಾಗಿದ್ದೆ, ಬಿ ಶ್ರೇಣಿ. 1950ರ ಜನವರಿ 8ರಂದು ಶುರುವಾದ ಆ ನಿಲಯದಲ್ಲಿ ಕಲಿತದ್ದೇ ನನ್ನ ವಿದ್ಯೆಯೆಲ್ಲ. ಸ್ಕ್ರಿಪ್ಟಿನ ಹಾಳೆಯನ್ನು ಸದ್ದಾಗದಂತೆ ಕೆಳಗೆ ಬಿಡುವುದು, ಬಾಯಿಗೂ ಮೈಕಿಗೂ ಒಂದು ಗೇಣು ಅಂತರ ಇಡುವುದು, ಸ್ವಗತಕ್ಕೆ ಹತ್ತಿರ ಸರಿಯುವುದು, ಜಗಳಕ್ಕೆ ಒಂದು ಹೆಜ್ಜೆ ಹಿಂದೆ ಹೋಗುವುದು. ಈ ವಿದ್ಯೆಯೇ ಮುಂದೆ ಅಡ್ಡ ಬಂತು.

ಅಕ್ಕೋರು ತಮ್ಮ ಹೆಸರು ಬೇಡ ಎಂದಿದ್ದಾರೆ. ನಮ್ಮ ಕಡೆ ಮಕ್ಕಳು ಶಿಕ್ಷಕಿಯನ್ನು ಕರೆಯುವುದೇ ಹಾಗೆ, ಆದ್ದರಿಂದ ನಾನೂ ಹಾಗೇ ಕರೆಯುತ್ತೇನೆ. ವಯಸ್ಸು ಮೂವತ್ತೊಂದು. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಮನೆ, ಖಾಸಗಿ ಶಾಲೆಯಲ್ಲಿ ಎರಡನೆಯ ತರಗತಿ, ಗಂಡನದು ನಾಲ್ಕು ವಿದ್ಯುತ್ ಮಗ್ಗ. ಚಿಕ್ಕಂದಿನಲ್ಲಿ ಐದು ವರ್ಷ ಹಿಂದುಸ್ತಾನಿ ಹಾಡಿಕೆ ಕಲಿತಿದ್ದರು. ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ ಇರುವ ಗದಗಿನಲ್ಲಿ ಅದನ್ನು ಯಾರೂ ದೊಡ್ಡ ಸಂಗತಿ ಎಂದು ಹೇಳಿಕೊಳ್ಳುವುದಿಲ್ಲ. ಅವರೂ ಮೊದಲ ದಿನ ಹೇಳಲಿಲ್ಲ. 2023ರ ಶ್ರಾವಣದ ಒಂದು ಭಾನುವಾರ ಪ್ಯಾಸೆಂಜರ್ ರೈಲು ಹಿಡಿದು ಹುಬ್ಬಳ್ಳಿಗೆ ಬಂದು, ಯಾರೋ ಕೊಟ್ಟ ವಿಳಾಸ ಹುಡುಕಿಕೊಂಡು ನನ್ನ ಮೆಟ್ಟಿಲು ಹತ್ತಿದರು. ಮಗಳು ನೋಡುವ ಕಾರ್ಟೂನುಗಳು ಕನ್ನಡ ಮಾತನಾಡುತ್ತಿವೆ, ಆ ಮಾತನ್ನು ಯಾರೋ ಆಡುತ್ತಿದ್ದಾರಲ್ಲ, ಅವರಲ್ಲಿ ಒಬ್ಬರಾಗುವುದು ಹೇಗೆ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಸರಳವಾಗಿ ಕಂಡರೂ ಕನ್ನಡದಲ್ಲಿ ಅದಕ್ಕೆ ಹಿಂದಿನವರು ಸವೆಸಿದ ದಾರಿ ಕಡಿಮೆ. ಹಿಂದಿ, ತಮಿಳು, ತೆಲುಗಿನಲ್ಲಿ ಡಬ್ಬಿಂಗ್ ಮಾಡುವವರು ತಲೆಮಾರುಗಳಿಂದ ಇದ್ದಾರೆ. ನಮ್ಮ ಚಿತ್ರರಂಗ 1960ರ ದಶಕದಿಂದಲೇ ಡಬ್ ಆದ ಚಿತ್ರಗಳಿಗೆ ಬಾಗಿಲು ಹಾಕಿಕೊಂಡಿತ್ತು. ಕನ್ನಡ ಬಾರದ ನಾಯಕಿಯರಿಗೆ ಕನ್ನಡದ ದನಿ ಕೊಡುವವರು ಬೆಂಗಳೂರಿನಲ್ಲಿ ಇದ್ದರು, ಅದು ಬೇರೆ. ಬೇಲಿಯಲ್ಲಿ ಮೊದಲು ಕಿಂಡಿ ಸಿಕ್ಕಿದ್ದು ಮಕ್ಕಳಿಗೆ: 2009ರಲ್ಲಿ ಚಿಂಟು ಟಿವಿ ಬಂದಾಗ ಹೊರಗಿನ ಕಾರ್ಟೂನುಗಳು ಮನೆಯೊಳಗೆ ಕನ್ನಡ ಮಾತನಾಡತೊಡಗಿದವು. ದೊಡ್ಡವರ ಚಿತ್ರಗಳಿಗೆ ಬಾಗಿಲು ತೆರೆಯಲು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ತೀರ್ಪು ಕೊಡಬೇಕಾಯಿತು. 2020ರ ಲಾಕ್‌ಡೌನ್‌ನಲ್ಲಿ ಧಾರಾವಾಹಿಗಳ ಚಿತ್ರೀಕರಣ ನಿಂತು, ಹಿಂದಿಯ 'ಮಹಾಭಾರತ' ಕನ್ನಡದಲ್ಲಿ ಬಂದಾಗ ಜನ ನೋಡಿದರು, ಬೇಕು ಎಂದರು. ಅಂದರೆ ಅಕ್ಕೋರು ನನ್ನ ಮೆಟ್ಟಿಲು ಹತ್ತುವ ಹೊತ್ತಿಗೆ ಕೆಲಸ ಇತ್ತು. ಅದರ ಬಹುಪಾಲು ಬೆಂಗಳೂರಿನಲ್ಲಿ, ಇಲ್ಲಿಂದ ರೈಲಿನಲ್ಲಿ ಸುಮಾರು 470 ಕಿಲೋಮೀಟರ್ ದೂರದಲ್ಲಿ ಇತ್ತು.

ಮೊದಲ ತಪ್ಪು ನನ್ನದು

ತೊಂಬತ್ತು ಸೆಕೆಂಡಿನ ಮಾದರಿ ಧ್ವನಿಮುದ್ರಿಕೆ ತಯಾರಿಸಿದೆವು. ಇಷ್ಟು ಉದ್ದ ಸಾಕು, ಕೇಳುವವರು ಅದಕ್ಕಿಂತ ಹೆಚ್ಚು ಕೇಳುವುದಿಲ್ಲ. ಆ ಲೆಕ್ಕ ಸರಿಯಾಗಿತ್ತು. ಒಳಗೆ ತುಂಬಿದ್ದು ಮಾತ್ರ ಎಡವಟ್ಟು. ಹನ್ನೊಂದು ದನಿ, ಒಂದೊಂದಕ್ಕೆ ಎಂಟು ಸೆಕೆಂಡು, ನಡುವೆ ಠಣ್ ಎಂದು ಸಂಗೀತ. ಬೆಂಗಳೂರಿನ ಮೂರು ಸ್ಟುಡಿಯೊಗಳಿಗೆ ಕಳಿಸಿದೆವು. ಎರಡರಿಂದ ಉತ್ತರವಿಲ್ಲ. ಮೂರನೆಯವರು ಒಂದು ಪರೀಕ್ಷಾ ತುಣುಕು ಕಳಿಸಿದರು: ನಲವತ್ತು ಸೆಕೆಂಡು, ಆರು ಸಾಲು, ಎಂಟು ವರ್ಷದ ಹುಡುಗ, ಅವನೊಂದು ಆಮೆ. ಹುಡುಗ ಅಮ್ಮನಿಗೆ ಸುಳ್ಳು ಹೇಳುತ್ತಾನೆ, ಸಿಕ್ಕಿಬೀಳುತ್ತಾನೆ.

ಅಕ್ಕೋರು ತೊದಲುವ ಮಗುವಿನ ದನಿಯನ್ನು ಇನ್ನೂ ಮೇಲಕ್ಕೆ ಏರಿಸಿ ಆರು ಸಾಲನ್ನೂ ಹೇಳಿದರು. ನಾನು ಬಾನುಲಿ ನಾಟಕದ ಪದ್ಧತಿಯಲ್ಲಿ ತಿದ್ದಿದೆ: ಭಯವಾದರೆ ಭಯ ಕೇಳಿಸಬೇಕು, ಓಡಿದರೆ ಓಟ ಕೇಳಿಸಬೇಕು. ಆಕಾಶವಾಣಿಯಲ್ಲಿ ಕೇಳುಗನಿಗೆ ಕಣ್ಣಿಲ್ಲ, ಎಲ್ಲವನ್ನೂ ದನಿಯೇ ಹೊತ್ತು ತರಬೇಕು. ಕಾರ್ಟೂನಿನಲ್ಲಿ ಹುಡುಗನ ಕಣ್ಣು ಆಗಲೇ ತಟ್ಟೆಯಷ್ಟು ದೊಡ್ಡದಾಗಿ ಅರಳಿರುತ್ತದೆ. ಅದರ ಮೇಲೆ ದನಿಯಲ್ಲೂ ಭಯವನ್ನು ಸುರಿದರೆ ಹೋಳಿಗೆಗೆ ಸಕ್ಕರೆ ಉದುರಿಸಿದ ಹಾಗೆ.

ಉತ್ತರ ಎರಡೇ ಸಾಲಿನದು. ಕಡತ 44.1 ಕಿಲೋಹರ್ಟ್ಸಿನಲ್ಲಿದೆ, ನಾವು ಕೇಳಿದ್ದು 48. ದನಿ ಚೆನ್ನಾಗಿದೆ, ಆದರೆ ಹುಡುಗ ಕಾಣುವುದಿಲ್ಲ.

ಮೊದಲನೆಯದು ನನ್ನ ಸೋಮಾರಿತನ. ಯಂತ್ರ ಒಂದು ಸೆಕೆಂಡಿನಲ್ಲಿ ದನಿಯನ್ನು ಎಷ್ಟು ಸಾವಿರ ಸಲ ಅಳೆದು ಬರೆದುಕೊಳ್ಳುತ್ತದೆ ಎಂಬ ಲೆಕ್ಕ ಅದು. ಹಾಡುಗಳ ಸಿಡಿಯ ಕಾಲದಿಂದ ನನ್ನ ಯಂತ್ರ 44.1ರಲ್ಲೇ ನಿಂತಿತ್ತು, ವಿಡಿಯೊ ಜಗತ್ತು ನಡೆಯುವುದು 48ರಲ್ಲಿ. ಪರಿವರ್ತಿಸದೆ ಹಾಗೇ ಆಡಿಸಿದರೆ ದನಿ ಸುಮಾರು ಶೇ 9ರಷ್ಟು ಬೇಗ ಓಡುತ್ತದೆ, ಹಾರ್ಮೋನಿಯಂ ಲೆಕ್ಕದಲ್ಲಿ (ಬಿಳಿ, ಕರಿ ಎಲ್ಲ ಕೀಲಿಗಳನ್ನೂ ಸೇರಿಸಿ ಎಣಿಸಿದರೆ) ಒಂದೂವರೆ ಪಟ್ಟಿ ಮೇಲೇರುತ್ತದೆ. ಅದನ್ನು ಒಂದು ಗುಂಡಿ ಒತ್ತಿ ಸರಿಮಾಡಿದೆ. ಎರಡನೆಯ ಮಾತು ಅಕ್ಕೋರ ಎದೆಗೆ ನಾಟಿತು. "ಹುಡುಗ ಕಾಣುವುದಿಲ್ಲ ಎಂದರೆ ಏನು? ದಿನಾ ನಲವತ್ತು ಹುಡುಗರನ್ನು ನೋಡುತ್ತೇನೆ" ಎಂದರು. ಸಿಟ್ಟಿನಲ್ಲಿ ಹೇಳಿದ ಮಾತಿನಲ್ಲೇ ಉತ್ತರ ಇತ್ತು. ಆಗ ಇಬ್ಬರಿಗೂ ಹೊಳೆಯಲಿಲ್ಲ.

ಹುಡುಗ ಸಿಕ್ಕಿದ್ದು

ಮುಂದಿನ ತಿಂಗಳು ಅವರು ಅರ್ಧ ಗಂಟೆ ತಡವಾಗಿ ಬಂದರು. ಕಾರಣ ಹೇಳುವಾಗ ತರಗತಿಯ ಹುಡುಗನೊಬ್ಬನ ಸುದ್ದಿ ಬಂತು. ಅವನ ಮನೆಗೆಲಸದ ಪುಸ್ತಕವನ್ನು ಎಮ್ಮೆ ತಿಂದಿತಂತೆ. ಅವನು ಹೇಗೆ ಹೇಳಿದ ಎಂದು ಅಕ್ಕೋರು ತೋರಿಸಿದರು. ದನಿ ಅವರದೇ, ಮಕ್ಕಳ ದನಿ ಮಾಡಲು ಅವರು ಮನಸ್ಸು ಮಾಡಿರಲಿಲ್ಲ. ಆದರೆ ಸುಳ್ಳು ಹೇಳುವ ಮೊದಲು ಆ ಹುಡುಗ ಉಸಿರು ಎಳೆದುಕೊಳ್ಳುತ್ತಾನೆ, ಅದನ್ನು ಹಿಡಿದಿಡುತ್ತಾನೆ, ಅರ್ಧ ಉಸಿರು ಖಾಲಿಯಾದ ಮೇಲೆ ಮಾತು ಶುರು ಮಾಡುತ್ತಾನೆ. ಹಾಗಾಗಿ "ಎಮ್ಮೆ" ಎಂಬಲ್ಲಿ ಉಸಿರು ತೀರಿ, "ತಿಂದಿತು" ಎಂಬುದು ಬರೀ ಗಾಳಿಯಾಗಿ ಬರುತ್ತದೆ. ಮಾಳಿಗೆಯ ಮೇಲೆ ನನ್ನೆದುರು ಒಬ್ಬ ಎಂಟು ವರ್ಷದವನು ನಿಂತಿದ್ದ.

ತಕ್ಷಣ ಮೈಕಿನ ಮುಂದೆ ನಿಲ್ಲಿಸಿ ಇನ್ನೊಮ್ಮೆ ಹೇಳಿ ಎಂದೆ. ಸತ್ತೇ ಹೋಯಿತು. ಮುದ್ದು ಸೇರಿಕೊಂಡಿತು, ತೊದಲು ಸೇರಿಕೊಂಡಿತು. ಹತ್ತು ಸಲ ಮಾಡಿಸಿದರೂ ಆ ಹುಡುಗ ವಾಪಸ್ ಬರಲಿಲ್ಲ. ಅದನ್ನು ಮೈಕಿನ ಮುಂದೆ ಬೇಕೆಂದಾಗ ತರುವುದಕ್ಕೆ ಮೂರು ಭಾನುವಾರ ಬೇಕಾದವು, ಮಾಡಿದ್ದು ಒಂದೇ ಅಭ್ಯಾಸ: ದನಿಯ ಗೊಡವೆ ಬಿಟ್ಟು, ಹುಡುಗ ಏನನ್ನು ಮುಚ್ಚಿಡುತ್ತಿದ್ದಾನೆ ಎಂದು ಪ್ರತಿ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು.

ಮಿಮಿಕ್ರಿಯಲ್ಲಿ ಪಳಗಿದವರಿಗೆ ಈ ಹಾದಿ ಕಷ್ಟ ಎಂಬುದು ನನ್ನ ಅನುಭವ; ಅಕ್ಕೋರ ನಂತರವೂ ನಾಲ್ಕೈದು ಜನ ಬಂದಿದ್ದಾರೆ, ಎಲ್ಲರದ್ದೂ ಅದೇ ಕಥೆ. ಕೇಳುಗನಿಗೆ ಆಗಲೇ ಪರಿಚಯವಿರುವ ದನಿಯನ್ನು ಮಿಮಿಕ್ರಿ ನೆನಪಿಸುತ್ತದೆ, ಗುರುತು ಸಿಕ್ಕೊಡನೆ ಚಪ್ಪಾಳೆ ಬೀಳುತ್ತದೆ. ಎಂಟು ಸೆಕೆಂಡಿನಲ್ಲಿ ಕೆಲಸ ಮುಗಿಯಿತು. ಕಾರ್ಟೂನಿನ ಹುಡುಗ ಯಾರಿಗೂ ಪರಿಚಯವಿಲ್ಲ, ಅವನು ಇಪ್ಪತ್ತು ಕಂತು ಬದುಕಬೇಕು, ಅಳಬೇಕು, ನಿದ್ದೆಗಣ್ಣಿನಲ್ಲಿ ಮಾತನಾಡಬೇಕು. ಜಪಾನಿನಲ್ಲಿ ನೊಬುಯೊ ಓಯಾಮಾ ಎಂಬ ನಟಿ ಡೋರೆಮಾನ್ ಎಂಬ ನೀಲಿ ಬೆಕ್ಕಿಗೆ 1979ರಿಂದ 2005ರವರೆಗೆ ದನಿಯಾಗಿದ್ದರು. ಇಪ್ಪತ್ತಾರು ವರ್ಷ, ಒಂದೇ ಬೆಕ್ಕು. ಹಿಂದಿಯಲ್ಲಿ ಅದೇ ಬೆಕ್ಕಿಗೆ ದನಿಯಾದವರು ಸೋನಲ್ ಕೌಶಲ್. ಛೋಟಾ ಭೀಮನ ದನಿಯೂ ಒಂದು ಕಾಲಕ್ಕೆ ಅವರದೇ. ಗಂಡುಹುಡುಗರ ಪಾತ್ರಗಳನ್ನು ಹೀಗೆ ಹೆಣ್ಣುಮಕ್ಕಳಿಗೆ ಕೊಡುವುದು ಹಲವು ದೇಶಗಳಲ್ಲಿ ಇದೆ, ಕಾರಣ ಸರಳ: ನಿಜವಾದ ಹುಡುಗನ ದನಿ ಹದಿಮೂರಕ್ಕೋ ಹದಿನಾಲ್ಕಕ್ಕೋ ಒಡೆಯುತ್ತದೆ, ಪಾತ್ರ ಮಾತ್ರ ಎಂಟು ವರ್ಷದಲ್ಲೇ ನಿಂತಿರುತ್ತದೆ.

ಹುಡುಗನನ್ನು ಹಿಡಿದಿಡುವುದು ಹೇಗೆ ಎಂಬಲ್ಲಿ ಅಕ್ಕೋರ ಹಾಡಿಕೆ ಹೊರಬಂತು. ಎರಡನೇ ದಿನ ರೆಕಾರ್ಡ್ ಮಾಡಿದ ಹುಡುಗ ಮೊದಲ ದಿನದವನಿಗಿಂತ ದೊಡ್ಡವನಾಗಿ ಕೇಳುತ್ತಿದ್ದ. ನಾನು ಹಳೆಯ ತುಣುಕು ಹಾಕಿ ಕೇಳಿಸುತ್ತಿದ್ದೆ; ಸ್ಟುಡಿಯೊಗಳಲ್ಲೂ ಅದೇ ರೂಢಿ. ಅವರು ಮೂಲೆಯಲ್ಲಿದ್ದ ಭಜನೆಯವರ ಹಾರ್ಮೋನಿಯಂ ಎಳೆದುಕೊಂಡು ತಮ್ಮ ಸಹಜ ಮಾತು ಎಲ್ಲಿ ನಿಲ್ಲುತ್ತದೆ ಎಂದು ಹುಡುಕಿದರು: ಕೆಳಗಿನ ಸಪ್ತಕದ ಕರಿ ನಾಲ್ಕರ, ಎಂದರೆ ನಾಲ್ಕನೇ ಕಪ್ಪು ಪಟ್ಟಿಯ ಆಸುಪಾಸು, ಸುಮಾರು 208 ಹರ್ಟ್ಸ್. ನಾವು ಮೊದಲು ಮಾಡಿದ್ದ ತೊದಲು ಮಗು ಅದಕ್ಕಿಂತ ಒಂದು ಸಪ್ತಕಕ್ಕೂ ಮೇಲೆ ಕುಳಿತಿತ್ತು, ಇಪ್ಪತ್ತು ನಿಮಿಷಕ್ಕೆ ಗಂಟಲು ಉರಿಯುತ್ತಿದ್ದುದು ಅದಕ್ಕೇ. ಹೊಸ ಹುಡುಗನನ್ನು ಮೇಲಿನ ಕರಿ ಒಂದರಲ್ಲಿ ಕೂರಿಸಿದರು. ಸಹಜ ಮಾತಿಗಿಂತ ಐದೇ ಪಟ್ಟಿ ಮೇಲೆ. ಎರಡು ಗಂಟೆ ಮಾತನಾಡಿದರೂ ದನಿ ಒಡೆಯಲಿಲ್ಲ. ಈಗ ಅವರ ನೋಟುಪುಸ್ತಕದಲ್ಲಿ ಪ್ರತಿ ಪಾತ್ರದ ಹೆಸರಿನ ಮುಂದೆ ಒಂದು ಪಟ್ಟಿಯ ಗುರುತು ಇರುತ್ತದೆ, ಮೊಬೈಲಿನಲ್ಲಿ ತಾನ್ಪುರ. ಪಾತ್ರಕ್ಕೆ ಷಡ್ಜ ಇಟ್ಟುಕೊಂಡು ಮಾತಿಗೆ ಇಳಿಯುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವ್ವ ಮತ್ತು ಅಮ್ಮ

ತುಟಿ ಹೊಂದಿಸುವ ಕೆಲಸಕ್ಕೆ ಬಂದಾಗ ಇನ್ನೊಂದು ಗಂಟು ಎದುರಾಯಿತು. ಪರೀಕ್ಷಾ ತುಣುಕಿನ ಮೂರನೇ ಸಾಲಿನಲ್ಲಿ ಹುಡುಗ ಅಮ್ಮನನ್ನು ಕರೆಯುತ್ತಾನೆ. ಸ್ಕ್ರಿಪ್ಟಿನಲ್ಲಿ ಇದ್ದದ್ದು "ಅಮ್ಮಾ". ಅಕ್ಕೋರ ಬಾಯಲ್ಲಿ, ಹುಡುಗ ನಿಜವಾಗಿ ಗಾಬರಿಯಾದ ಪ್ರತಿ ಸಲವೂ, "ಅವ್ವಾ" ಬರುತ್ತಿತ್ತು. ನನಗೆ ಖುಷಿಯಾಯಿತು. ಇದೇ ಇರಲಿ, ನಮ್ಮ ಅವ್ವನಿಗೆ ಏನು ಕಡಿಮೆ ಎಂದು ವಾದಿಸಿದೆ. ಬೆಂಗಳೂರಿನ ಕನ್ನಡವೊಂದೇ ಕನ್ನಡವೇ ಎಂಬ ಹಳೆಯ ಭಾಷಣವೂ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕೋರು ಪರದೆಯನ್ನು ನಿಲ್ಲಿಸಿ ಬೆರಳಿಟ್ಟು ತೋರಿಸಿದರು. ಮೂಲದ ಹುಡುಗ ಇಂಗ್ಲಿಷಿನಲ್ಲಿ ಮಾಮ್ ಎನ್ನುತ್ತಾನೆ, ಅವನ ತುಟಿ ಪೂರ್ತಿ ಮುಚ್ಚಿದೆ. ಅವ್ವ ಎನ್ನುವಾಗ ತುಟಿ ಮುಚ್ಚುವುದಿಲ್ಲ, ಹಲ್ಲು ತುಟಿಗೆ ತಾಗಿ ಗಾಳಿ ಹೋಗುತ್ತದೆ. ಅಮ್ಮ ಎಂದರೆ ಮುಚ್ಚುತ್ತದೆ. ನನ್ನ ಭಾಷಣ ಹಾಗೇ ಉಳಿಯಿತು.

ಅಂದಿನಿಂದ ಅವರಿಗೆ ಇದೊಂದು ಆಟವಾಯಿತು. ತುಟಿ ಮುಚ್ಚಬೇಕಾದಲ್ಲಿ ಪ, ಬ, ಮ ಎಲ್ಲಿಂದ ತರುವುದು? ಸ್ಟಾಪ್ ಎಂದು ಕಿರುಚುವ ಪಾತ್ರಕ್ಕೆ "ನಿಲ್ಲು" ಎಂದರೆ ಕೊನೆಯಲ್ಲಿ ಬಾಯಿ ತೆರೆದೇ ಇರುತ್ತದೆ. "ನಿಲ್ಲಪ್ಪ" ಎಂದರೆ ತುಟಿ ಕೂಡುತ್ತದೆ. ಕಮ್ ಎಂಬಲ್ಲಿ "ಬಾರಮ್ಮ". ಕನ್ನಡದಲ್ಲಿ ಯಾರನ್ನೇ ಕರೆದರೂ ಹಿಂದೆ ಒಂದು ಅಪ್ಪ, ಅಮ್ಮ ಅಂಟಿಸಬಹುದಲ್ಲ, ಅದು ಡಬ್ಬಿಂಗ್ ಬರೆಯುವವರಿಗೆ ಸಿಕ್ಕ ಪುಕ್ಕಟೆ ಆಸ್ತಿ. ಇದಕ್ಕಿಂತ ಕಷ್ಟದ್ದು ನಮ್ಮ ವಾಕ್ಯದ ಕೊನೆಯ ಕ್ರಿಯಾಪದ. ಇಂಗ್ಲಿಷಿನ ಪಾತ್ರ ವಾಕ್ಯದ ಎರಡನೇ ಪದಕ್ಕೇ ತಲೆ ಅಲ್ಲಾಡಿಸಿ ಬೇಡ ಎನ್ನುತ್ತದೆ, ನಮ್ಮ 'ಇಲ್ಲ' ಬರುವುದು ಕಟ್ಟಕಡೆಗೆ. "ನಾನು ನಿನ್ನ ಜೊತೆ ಅಲ್ಲಿಗೆ ಬರುವುದಿಲ್ಲ" ಎಂದು ಬರೆದರೆ ತಲೆ ಅಲ್ಲಾಡಿ ಮುಗಿದ ಮೇಲೆ ನಿರಾಕರಣೆ ಕೇಳುತ್ತದೆ. "ಇಲ್ಲ, ಬರುವುದಿಲ್ಲ, ಅಲ್ಲಿಗೆ ಮಾತ್ರ" ಎಂದು ತಿರುಗಿಸಬೇಕು.

ಸಮಯದ ವಿಷಯದಲ್ಲಿ ಕಣ್ಣು ಪಕ್ಷಪಾತಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಸಾರ ಮಾನದಂಡದ ಪ್ರಕಾರ ಶಬ್ದವು ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂದೆ ಹೋದರೇ ನೋಡುಗನಿಗೆ ಗೊತ್ತಾಗುತ್ತದೆ, ಹಿಂದೆ ಬಿದ್ದರೆ 125ರವರೆಗೂ ಗೊತ್ತಾಗುವುದಿಲ್ಲ. ದೂರದಲ್ಲಿ ಅಗಸ ಬಟ್ಟೆ ಒಗೆಯುವುದನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ, ಕೈ ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಅವಸರದ ಸ್ವಭಾವದ ಅಕ್ಕೋರಿಗೆ ನಾನು ಕೊಟ್ಟ ಒಂದೇ ಒಂದು ಒಳ್ಳೆಯ ಸಲಹೆ, ಬಾಯಿ ತೆರೆಯುವುದನ್ನು ನೋಡಿ ಆಮೇಲೆ ಮಾತು ಬಿಡಿ ಎಂಬುದು.

ಉಚ್ಚಾರದ ಸಮಸ್ಯೆ ಅಮ್ಮನಿಂದ ತೀರಲಿಲ್ಲ. ನಮ್ಮ ಕಡೆ ಮನೆ ಮನಿಯಾಗುತ್ತದೆ, ಎಲೆ ಎಲಿಯಾಗುತ್ತದೆ. ಅಕ್ಕೋರು ಓದುವಾಗ ಅಪ್ಪಟ ಪುಸ್ತಕದ ಕನ್ನಡ. ಸಾಲಿನಲ್ಲಿ ಉದ್ವೇಗ ಬಂದ ಕೂಡಲೇ "ಅಲ್ಲಿ ನೋಡು, ಆನಿ!" ಒಂದೇ ಟೇಕಿನಲ್ಲಿ ಆನೆ ಆನಿಯಾಗಿ, ಮತ್ತೆ ಆನೆಯಾಗಿ, ಎರಡು ಜಿಲ್ಲೆ ಸುತ್ತಿ ಬರುತ್ತಿತ್ತು. ಹಾಗೆಂದು ಸ್ವಂತ ಮಾತನ್ನು ಮರೆಯಬೇಕು ಎಂದು ನಾನು ಯಾರಿಗೂ ಹೇಳುವುದಿಲ್ಲ. ಎರಡೂ ಬಾಗಿಲು ಇರಬೇಕು, ಯಾವಾಗ ಯಾವುದು ತೆರೆದಿದೆ ಎಂಬುದು ಗೊತ್ತಿರಬೇಕು. ಅವರು ಮಾಡಿದ ಉಪಾಯ: ತರಗತಿಯಲ್ಲಿ ಇಡೀ ಒಂದು ವಾರ ಮಕ್ಕಳನ್ನು ಬೈಯುವುದನ್ನು ಪುಸ್ತಕದ ಕನ್ನಡದಲ್ಲಿ ಮಾಡಿದರು. ಮಕ್ಕಳು ಹೆದರುವುದನ್ನೇ ಬಿಟ್ಟರಂತೆ.

ಕೌದಿ, ಬಳೆ, ಮಗ್ಗ

ಪ್ರತಿ ಪರೀಕ್ಷೆಗೂ ಗದಗಿನಿಂದ ಹುಬ್ಬಳ್ಳಿಗೆ ಬಂದರೆ ಪೂರೈಸುವುದಿಲ್ಲ. ಪರೀಕ್ಷಾ ತುಣುಕು ಸಂಜೆ ಬರುತ್ತದೆ, ಬೆಳಿಗ್ಗೆ ಕೇಳುತ್ತಾರೆ. ಸಂಘದಲ್ಲಿ ಸಾಲ ತೆಗೆದು ಒಂದು ಕಂಡೆನ್ಸರ್ ಮೈಕು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ 48 ವೋಲ್ಟ್ ಕೊಡುವ ಹಳೆಯ ಇಂಟರ್‌ಫೇಸ್, ಪ, ಬ ಎನ್ನುವಾಗಿನ ಗಾಳಿಯ ಹೊಡೆತ ತಡೆಯುವ ಪಾಪ್ ಫಿಲ್ಟರ್, ಹೆಡ್‌ಫೋನ್ ಕೊಂಡರು. ಎಲ್ಲ ಸೇರಿ 17,500 ರೂಪಾಯಿ. ತಂತ್ರಾಂಶಕ್ಕೆ ಖರ್ಚಿಲ್ಲ, ಅಡಾಸಿಟಿ ಉಚಿತ. ಉಳಿದದ್ದು ಕೋಣೆ.

ಯಾರೋ ಮೊಟ್ಟೆಯ ಟ್ರೇ ಅಂಟಿಸಿ ಎಂದಿದ್ದರು. ಅದರಿಂದ ಏನೂ ಆಗುವುದಿಲ್ಲ, ಗೋಡೆ ಕುರೂಪವಾಗುತ್ತದೆ ಅಷ್ಟೇ. ಅಕ್ಕೋರ ಮನೆಯಲ್ಲಿ ಅವರ ಅಜ್ಜಿ ಹೊಲಿದ ಕೌದಿಗಳಿದ್ದವು, ಹಳೆಯ ಸೀರೆಗಳನ್ನು ಏಳೆಂಟು ಪದರ ಸೇರಿಸಿ ಹೊಲಿದವು, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಅಟ್ಟದ ಕೆಳಗಿನ ಮೂಲೆಯಲ್ಲಿ ಬಿದಿರಿನ ಚೌಕಟ್ಟು ಕಟ್ಟಿ ಮೂರು ಕಡೆ ಐದು ಕೌದಿ ಇಳಿಬಿಟ್ಟರು, ಎಲ್ಲರೂ ಮರೆಯುವ ನೆತ್ತಿಯ ಮೇಲೆ ಹಾಸಿಗೆ. ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಬಿದ್ದು ಸತ್ತಿತು. ಬಾನುಲಿ ಕೋಣೆಯಲ್ಲಿ ಕೇಳಿದ ಆ ಮೌನವನ್ನು ಬೆಟಗೇರಿಯ ಅಟ್ಟದ ಕೆಳಗೆ ಕೇಳುತ್ತೇನೆ ಎಂದುಕೊಂಡಿರಲಿಲ್ಲ.

ಆದರೆ ಕೌದಿ ಒಳಗಿನ ಪ್ರತಿಧ್ವನಿಯನ್ನು ಕುಡಿಯುತ್ತದೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ತಡೆಯಬೇಕಾದರೆ ಗೋಡೆಗೆ ತೂಕ ಬೇಕು. ಪಕ್ಕದ ಕೋಣೆಯಲ್ಲಿ ನಾಲ್ಕು ಮಗ್ಗ, ಓಣಿಯಲ್ಲಿ ಇನ್ನೂ ಮೂವತ್ತು. ಯಾರೂ ಮಾತನಾಡದಾಗ ಮೈನಸ್ 60 ಡೆಸಿಬೆಲ್ಲಿಗಿಂತ ಕೆಳಗಿರಬೇಕಾದ ಸದ್ದು ಮೈನಸ್ 38ರಲ್ಲಿ ಖಟಖಟ ಎನ್ನುತ್ತಿತ್ತು (ಸೊನ್ನೆಯ ಹತ್ತಿರ ಬಂದಷ್ಟೂ ಸದ್ದು ಜಾಸ್ತಿ). ಗಂಡನ ದುಡಿಮೆ ನಿಲ್ಲಿಸಿ ರೆಕಾರ್ಡ್ ಮಾಡುವಂತಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ನೋಡಿದರು. ಎದ್ದ ಕೂಡಲೇ ದನಿ ಕರಿ ಎರಡಕ್ಕೆ ಇಳಿದಿರುತ್ತದೆ, ಹುಡುಗ ಬರುವುದಿಲ್ಲ. ಕೊನೆಗೆ ಪರಿಹಾರ ಕೊಟ್ಟಿದ್ದು ವಿದ್ಯುತ್ ಕಡಿತ. ಕರೆಂಟ್ ಹೋದ ಕ್ಷಣ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾಗುತ್ತವೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಇಂಟರ್‌ಫೇಸಿಗೆ ಅದರಿಂದಲೇ ವಿದ್ಯುತ್ತು. ಊರೆಲ್ಲ ಕಂಪನಿಯನ್ನು ಬೈಯುತ್ತಿದ್ದರೆ ಅಕ್ಕೋರು ಒಲೆ ಆರಿಸಿ ಅಟ್ಟದ ಕೆಳಗೆ ಓಡುತ್ತಾರೆ. ನೇಕಾರರ ಮನೆಯ ಸೊಸೆ ಕರೆಂಟ್ ಹೋಗಲಿ ಎಂದು ಹಾರೈಸುವುದನ್ನು ಅತ್ತೆ ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಬಳೆಯದ್ದೂ ಒಂದು ರಗಳೆ. ಗಾಜಿನ ಬಳೆ ತೆಗೆಯಲು ಅವರು ಒಪ್ಪಲಿಲ್ಲ, ನಾನು ಒತ್ತಾಯಿಸಲೂ ಇಲ್ಲ. ಹುಡುಗ ಮರದಿಂದ ಬೀಳುವಾಗ ಕೈ ಆಡದಿದ್ದರೆ ದನಿ ಬೀಳುವುದಿಲ್ಲ, ಕೈ ಆಡಿದರೆ ಬಳೆ ಕಿಣಿಕಿಣಿ. ಮೊಣಕೈವರೆಗೆ ಸರಿಸಿ ಕರವಸ್ತ್ರ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಗಂಜಿ ಹಾಕಿದ ಸೀರೆ ಉಡುವುದಿಲ್ಲ. ಊಟ ಮಾಡಿ ಒಂದು ಗಂಟೆಯಾದ ಮೇಲೆ ನಿಲ್ಲುತ್ತಾರೆ, ಹಸಿದ ಹೊಟ್ಟೆಯ ಗುರುಗುರು ಮೈಕಿಗೆ ಚೆನ್ನಾಗಿ ಕೇಳುತ್ತದೆ.

ನಡುವೆ ಒಂದು ಮೋಸ. "ಸಂಯೋಜಕ" ಎಂದು ಹೇಳಿಕೊಂಡವನೊಬ್ಬ ಪ್ರಸಿದ್ಧ ಕಾರ್ಟೂನಿಗೆ ಆಯ್ಕೆಯಾಗಿದ್ದೀರಿ, ನೋಂದಣಿಗೆ 15,000 ರೂಪಾಯಿ ಕಟ್ಟಿ ಎಂದ. ಅಕ್ಕೋರು ಐದು ಸಾವಿರ ಕಟ್ಟಿಯೇಬಿಟ್ಟಿದ್ದರು. ಹಣ ಬರಲಿಲ್ಲ, ಬರುವುದೂ ಇಲ್ಲ. ಕೆಲಸ ಕೊಡುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ. ಇಷ್ಟನ್ನು ಮೊದಲ ದಿನವೇ ನಾನು ಹೇಳಬೇಕಿತ್ತು.

ಬೆಂಗಳೂರಿನ ಮೊದಲ ದಿನ

ಹೊಸ ಮಾದರಿಯಲ್ಲಿ ಹನ್ನೊಂದರ ಬದಲು ಮೂರು ಪಾತ್ರ: ಸುಳ್ಳು ಹೇಳುವ ಹುಡುಗ, ಅವನ ಅಕ್ಕ, ಮಾತು ಕಡಿಮೆ ಇರುವ ಒಬ್ಬ ಹೆಂಗಸು, ಅಂದರೆ ಅಕ್ಕೋರೇ. ಐದು ಪರೀಕ್ಷೆ ಹೋದವು. ಆರನೆಯದಕ್ಕೆ ಕರೆ ಬಂತು, 2024ರ ಮಾರ್ಚ್‌ನಲ್ಲಿ. ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಇಳಿದರು. ಜೊತೆಗೆ ನಾನೂ ಹೋಗಿದ್ದೆ.

ಸಿಕ್ಕ ಪಾತ್ರ ಹುಡುಗನದಲ್ಲ. ಅವನ ಗೆಳೆಯರ ಗುಂಪಿನಲ್ಲಿ ಕೊನೆಯವನು, ಒಂದು ಕಂತಿಗೆ ನಾಲ್ಕೋ ಐದೋ ಸಾಲು. ಉಳಿದ ಹೊತ್ತು ಗುಂಪಿನ ಗಲಾಟೆ: ಶಾಲೆಯ ಮೈದಾನ, ಸಂತೆ, ಬಸ್ ನಿಲ್ದಾಣ. ನಾಲ್ವರು ಮೈಕಿನ ಸುತ್ತ ನಿಂತು ನಲವತ್ತು ಜನರಾಗಬೇಕು. ಇದರಲ್ಲಿ ಅವರ ಹನ್ನೊಂದು ದನಿಗಳಿಗೆ ಕೊನೆಗೂ ಕೆಲಸ ಸಿಕ್ಕಿತು, ಮೆಣಸಿನಕಾಯಿ ಮಾರುವವಳಿಗೂ. ಆಮೇಲೆ ಎಫರ್ಟ್ಸ್: ಜಿಗಿತ, ಎಡವುವುದು, ನುಂಗುವುದು, ಆಕಳಿಕೆ. ಮೂಲದಿಂದ ಸಂಗೀತ ಮತ್ತು ಇತರ ಸದ್ದಿನ ಟ್ರ್ಯಾಕ್ ಬೇರೆಯಾಗಿ ಬಂದಿರುತ್ತದೆ, ಬಾಯಿಂದ ಹೊರಡುವುದನ್ನೆಲ್ಲ ಇಲ್ಲಿಯವರೇ ತುಂಬಬೇಕು. ಕಿರುಚಾಟಗಳನ್ನು ನಿರ್ದೇಶಕಿ ದಿನದ ಕೊನೆಗೆ ಇಟ್ಟುಕೊಂಡಿದ್ದರು. ಮೊದಲೇ ಕಿರುಚಿಸಿದರೆ ಉಳಿದ ದಿನಕ್ಕೆ ಗಂಟಲು ಇರುವುದಿಲ್ಲ. ಮುಗಿದ ಮೇಲೆ ಅಕ್ಕೋರು ಪಿಸುಮಾತಿನಲ್ಲಿ ಮಾತನಾಡತೊಡಗಿದಾಗ ನಿರ್ದೇಶಕಿಯೇ ತಡೆದು, ಪಿಸುಗುಟ್ಟುವುದು ವಿಶ್ರಾಂತಿಯಲ್ಲ, ಸುಮ್ಮನಿರುವುದು ವಿಶ್ರಾಂತಿ ಎಂದರು. ಹುಬ್ಬಳ್ಳಿ ಬರುವವರೆಗೆ ಅಕ್ಕೋರು ಚೀಟಿಯಲ್ಲಿ ಬರೆದು ತೋರಿಸಿದರು.

ಅದೇ ವರ್ಷ ಇನ್ನೊಂದು ಕಡೆ ಕಳ್ಳನ ಚೇಲಾ ಪಾತ್ರ. ಪಾತ್ರದ ವಿವರಣೆಯಲ್ಲಿ "ಉತ್ತರ ಕರ್ನಾಟಕ ಶೈಲಿ, ಹಾಸ್ಯ" ಎಂದಿತ್ತು. ಬರೆದವರು ಧಾರವಾಡದ ಗಾಳಿ ಕುಡಿದವರಲ್ಲ ಎಂಬುದು ಮೊದಲ ಸಾಲಿಗೇ ತಿಳಿಯುತ್ತಿತ್ತು. ಎರಡು ಪದಕ್ಕೊಂದು 'ರೀ', ಕಳ್ಳ ತನ್ನ ನಾಯಿಗೂ ರೀ ಎನ್ನುತ್ತಾನೆ. ನಮ್ಮ ಮಾತು ಕೇಳಿದರೆ ನಗು ಬರಬೇಕು ಎಂದು ನಿರ್ಧರಿಸಿ ಬರೆದದ್ದು. ಅಕ್ಕೋರು ನಾಯಿಗೆ ಯಾರೂ ರೀ ಎನ್ನುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ನಾಲ್ಕು ಸಾಲು ಬದಲಾಯಿಸಲು ಬಿಟ್ಟರು, ಉಳಿದ ಹದಿನೆಂಟು ಹಾಗೇ ಹೋದವು. ಅದನ್ನು ಒಪ್ಪಿಕೊಳ್ಳಬಾರದಿತ್ತು ಎಂದು ನನ್ನ ಅಭಿಪ್ರಾಯ. ಸಾಲದ ಕಂತು ಕಟ್ಟುವವರು ಅವರು, ನಾನಲ್ಲ.

ಕರಾರುಪತ್ರದ ಬಗ್ಗೆ ಮಾತ್ರ ಅವರು ಗಟ್ಟಿಯಾಗಿ ನಿಂತರು. ಒಂದು ಕಲಮಿನಲ್ಲಿ ದನಿಯನ್ನು "ಈಗಿರುವ ಹಾಗೂ ಮುಂದೆ ಬರುವ ಎಲ್ಲ ತಂತ್ರಜ್ಞಾನಗಳಲ್ಲಿ" ಬಳಸಬಹುದು ಎಂದಿತ್ತು. ಅದರಲ್ಲಿ ಯಂತ್ರಕ್ಕೆ ಕಲಿಸಿ ಕೃತಕ ದನಿ ಮಾಡಿಕೊಳ್ಳುವುದೂ ಸೇರುತ್ತದೆಯೇ ಎಂದು ಕೇಳಿದರು. ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮಿನಲ್ಲಿ ಪ್ರದರ್ಶಕರಿಗೆ ಹಕ್ಕಿದೆ, 2012ರ ತಿದ್ದುಪಡಿ ಅದನ್ನು ಇನ್ನಷ್ಟು ಬಲಪಡಿಸಿದೆ. ಆದರೆ ಸಹಿ ಮಾಡಿಕೊಟ್ಟ ಮೇಲೆ ಕಾಯ್ದೆ ಹಿಡಿದು ಓಡಾಡುವುದು ಗದಗಿನಿಂದ ಆಗುವ ಕೆಲಸವಲ್ಲ. ಹತ್ತು ದಿನ ಎಳೆದಾಡಿ, ಪ್ರತ್ಯೇಕ ಒಪ್ಪಿಗೆ ಇಲ್ಲದೆ ಕೃತಕ ದನಿ ತಯಾರಿಸುವಂತಿಲ್ಲ ಎಂದು ಒಂದು ಸಾಲು ಸೇರಿಸಿಕೊಟ್ಟರು.

ಲೆಕ್ಕ ಹೀಗಿದೆ. ಮೊದಲ ವರ್ಷ ಬಂದದ್ದು 41,000 ರೂಪಾಯಿ. ಉಪಕರಣ, ಪ್ರಯಾಣ, ಮೋಸಹೋದ ಐದು ಸಾವಿರ ಕಳೆದರೆ ಉಳಿದದ್ದು ಒಂದು ಒಳ್ಳೆಯ ಸೀರೆಗೆ ಸಾಕಾಗುವಷ್ಟು, ಅದೂ ಗಂಡನ ಮಗ್ಗದ್ದೇ ಆದರೆ. ಶಾಲೆ ಬಿಟ್ಟಿಲ್ಲ, ಬಿಡಬೇಡಿ ಎಂದು ನಾನೂ ಹೇಳಿದ್ದೇನೆ. ಎರಡನೇ ಧಾರಾವಾಹಿಯ ಬಿಲ್ಲು ನಾಲ್ಕು ತಿಂಗಳಿಂದ ಬಾಕಿ ಇದೆ. ಹುಡುಗ, ಆ ಮುಖ್ಯ ಹುಡುಗನ ಪಾತ್ರ, ಇನ್ನೂ ಸಿಕ್ಕಿಲ್ಲ.

ಮೊನ್ನೆ ಅಕ್ಕೋರು ಹೊಸ ಪರೀಕ್ಷೆಯ ಕಡತ ಕಳಿಸಿದ್ದರು, ಈ ಸಲ ಒಂದು ಮುದಿ ಆಮೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮುದಿತನವನ್ನು ದನಿಯಲ್ಲಿ ತಂದಿರಲಿಲ್ಲ, ಎರಡು ಪದಗಳ ನಡುವೆ ಆಮೆ ಯೋಚಿಸುವ ಹೊತ್ತಿನಲ್ಲಿ ಇಟ್ಟಿದ್ದರು. ಮೂರನೇ ಸಾಲಿನ ಕೊನೆಯಲ್ಲಿ, ಆ ಮೌನದೊಳಗೆ, ದೂರದ ಮಗ್ಗದ ಎರಡು ಹೊಡೆತ ಸ್ಪಷ್ಟವಾಗಿ ಬಿದ್ದಿತ್ತು. ಆ ಸಾಲನ್ನು ಮತ್ತೊಮ್ಮೆ ಮಾಡಿ ಎಂದು ಸಂದೇಶ ಹಾಕಿದೆ. ಹತ್ತು ನಿಮಿಷದ ಮೇಲೆ ಉತ್ತರ ಬಂತು: ಕರೆಂಟ್ ಇದೆ, ಹೋದ ಕೂಡಲೇ ಕಳಿಸುತ್ತೇನೆ.